ಹಾರೋ ಮೊದಲು ಡಾಕ್ಟರ್: ಪೈಲಟ್‌ನ ಫಿಟ್‌ನೆಸ್ ಸರ್ಟಿಫಿಕೇಟ್‌ಗೆ ನೂರು ವರ್ಷದ ಕಥೆ

ಇವತ್ತು ಒಂದು ಕಾಗದದ ಕಥೆ ಹೇಳ್ತೀನಿ.

ನಿಮ್ಮಲ್ಲಿ ಎಷ್ಟೋ ಜನ ಹದಿನೆಂಟು ತುಂಬಿದ ಕೂಡಲೇ ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಿರ್ತೀರಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರಾದ್ರೆ ಕೆಎ 18, ಚಿಕ್ಕಮಗಳೂರು ಆರ್‌ಟಿಒ. ಆಗ ಫಾರ್ಮ್ 1 ಅಂತ ಒಂದು ಹಾಳೆ ತುಂಬಿದ್ದು ನೆನಪಿದೆಯಾ? ಮೂರ್ಛೆ ರೋಗ ಇದೆಯಾ, ಕಣ್ಣು ಸರಿಯಾಗಿ ಕಾಣುತ್ತಾ, ಕೈಕಾಲು ನೆಟ್ಟಗಿವೆಯಾ ಅಂತ ಕೇಳುತ್ತೆ. ನೀವೇ ಟಿಕ್ ಮಾಡಿ, ನೀವೇ ಸಹಿ ಹಾಕ್ತೀರಿ. ಡಾಕ್ಟರ್ ಮುಖ ನೋಡೋ ಅಗತ್ಯ ಇಲ್ಲ. ನಲವತ್ತು ದಾಟಿದವರಿಗೆ, ಇಲ್ಲವೇ ಲಾರಿ, ಬಸ್ಸು, ಟ್ಯಾಕ್ಸಿ ಓಡಿಸೋರಿಗೆ ಮಾತ್ರ ಫಾರ್ಮ್ 1ಎ. ಅದಕ್ಕೆ ಡಾಕ್ಟರ್ ಸಹಿ ಬೇಕು. ಈ ಎರಡು ಫಾರ್ಮ್‌ಗಳನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಕೆಲಸಕ್ಕೆ ಬರುತ್ತೆ.

ಈಗ ಪ್ರಶ್ನೆ. ಘಾಟಿ ರಸ್ತೆಯಲ್ಲಿ ಕಾರು ಓಡಿಸೋಕೆ ನಿಮ್ಮ ಮಾತನ್ನೇ ನಂಬೋ ಸರ್ಕಾರ, ಎರಡು ಸೀಟಿನ ಪುಟ್ಟ ವಿಮಾನ ಹಾರಿಸೋಕೆ ಮಾತ್ರ ಯಾಕೆ ನಿಮ್ಮನ್ನು ಅಡಿಯಿಂದ ಮುಡಿವರೆಗೆ ಪರೀಕ್ಷೆ ಮಾಡುತ್ತೆ? ಇದು ಯಾವಾಗ ಶುರುವಾಯ್ತು? ಬೇರೆ ದೇಶಗಳಲ್ಲಿ ಹೇಗಿದೆ?

ಇದು ನಮಗೆ ದೂರದ ವಿಷಯ ಅನ್ನಿಸಬಹುದು. ಮೂರೂ ತಾಲ್ಲೂಕಲ್ಲಿ ಒಂದು ರನ್‌ವೇ ಇಲ್ಲ, ಈಗ ರೈಲೂ ಇಲ್ಲ. ಆದರೆ 2023ರ ಫೆಬ್ರವರಿ 27ಕ್ಕೆ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆ ಆಯ್ತು. ಅದಕ್ಕಿಟ್ಟ ಹೆಸರು ಕುವೆಂಪು ಅವರದ್ದು. ಕುವೆಂಪು ಬೆಳೆದದ್ದು ಕುಪ್ಪಳಿಯಲ್ಲಾದರೂ ಹುಟ್ಟಿದ್ದು 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ನಮ್ಮ ತಾಲ್ಲೂಕಲ್ಲಿ ಹುಟ್ಟಿದವರ ಹೆಸರು ರನ್‌ವೇ ಪಕ್ಕದ ಬೋರ್ಡ್ ಮೇಲೆ ಬಂತು ಅಂದಮೇಲೆ, ಕಾಕ್‌ಪಿಟ್‌ನಲ್ಲಿ ಕೂರೋ ಆಸೆ ಯಾರಿಗಾದರೂ ಬಂದೇ ಬರುತ್ತೆ.

1875: ಒಂದು ಬಲೂನು, ಒಂದು ರೈಲು

ಕಥೆ ಶುರುವಾಗೋದು ವಿಮಾನ ಹುಟ್ಟೋಕಿಂತ ಮುಂಚೆ. 1875ರ ಏಪ್ರಿಲ್ 15ಕ್ಕೆ ಪ್ಯಾರಿಸ್‌ನಿಂದ ಜೆನಿತ್ ಅನ್ನೋ ಬಲೂನು ಮೇಲೇರಿತು. ಒಳಗೆ ಮೂವರು: ಟಿಸ್ಸಾಂಡಿಯೆ, ಸಿವೆಲ್, ಕ್ರೋಚೆ ಸ್ಪಿನೆಲ್ಲಿ. ಎಂಟು ಸಾವಿರ ಮೀಟರ್ ದಾಟಿದ್ರು. ಆಮ್ಲಜನಕದ ಚೀಲಗಳು ಜೊತೆಗೇ ಇದ್ವು. ಆದರೆ ಗಾಳಿ ತೆಳುವಾದಾಗ ಮನುಷ್ಯನಿಗೆ ಉಸಿರು ಕಟ್ಟಿದ ಅನುಭವ ಆಗಲ್ಲ. ಹಾಯಾಗಿ ಇದ್ದಂಗೆ ಅನ್ನಿಸುತ್ತೆ, ಕೈ ಮಾತ್ರ ಎತ್ತೋಕಾಗಲ್ಲ. ಬಲೂನು ಕೆಳಗೆ ಬಂದಾಗ ಟಿಸ್ಸಾಂಡಿಯೆ ಒಬ್ಬರೇ ಬದುಕಿದ್ರು, ಅವರಿಗೂ ಕಿವಿ ಹೋಗಿತ್ತು. ಪಾಲ್ ಬೆರ್ ಅನ್ನೋ ವಿಜ್ಞಾನಿ "ನೀವು ಒಯ್ತಿರೋ ಆಮ್ಲಜನಕ ಸಾಲಲ್ಲ" ಅಂತ ಅವರಿಗೆ ಕಾಗದ ಬರೆದಿದ್ದರು. ಅದು ತಲುಪೋ ಹೊತ್ತಿಗೆ ತಡವಾಗಿತ್ತು. ಎತ್ತರಕ್ಕೆ ಹೋದರೆ ದೇಹ ನಮಗೆ ಹೇಳದೇ ಕೈಕೊಡುತ್ತೆ ಅನ್ನೋ ಪಾಠ ಅಲ್ಲಿ ಸಿಕ್ಕಿತು.

ಅದೇ ವರ್ಷ ನವೆಂಬರ್‌ನಲ್ಲಿ ಸ್ವೀಡನ್ನಿನ ಲಾಗರ್ಲುಂಡ ಹತ್ತಿರ ಎರಡು ರೈಲು ಡಿಕ್ಕಿ ಹೊಡೆದವು. ಫ್ರಿತಿಯೋಫ್ ಹೋಲ್ಮ್‌ಗ್ರೆನ್ ಅನ್ನೋ ಪ್ರೊಫೆಸರ್, ರೈಲ್ವೆಯವನೊಬ್ಬನಿಗೆ ಸಿಗ್ನಲ್ ದೀಪದ ಬಣ್ಣ ಗೊತ್ತಾಗದೇ ಇದ್ದದ್ದೇ ಕಾರಣ ಅಂತ ವಾದ ಮಾಡಿದ್ರು. ಬಣ್ಣಬಣ್ಣದ ಉಣ್ಣೆ ಎಳೆಗಳನ್ನು ಮುಂದಿಟ್ಟು, ಒಂದೇ ಥರದ್ದನ್ನು ಆರಿಸು ಅನ್ನೋ ಪರೀಕ್ಷೆ ತಂದ್ರು. ಕೆಲವೇ ವರ್ಷದಲ್ಲಿ ಯುರೋಪಿನ ರೈಲ್ವೆಗಳಲ್ಲಿ ಬಣ್ಣದ ಪರೀಕ್ಷೆ ಕಡ್ಡಾಯ ಆಗ್ತಾ ಹೋಯ್ತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಪುಟ್ಟ ರೈಲು ಓಡಾಡ್ತಿದ್ದ ಕಾಲಕ್ಕಾಗಲೇ ಇದು ಜಗತ್ತಿನ ರೈಲ್ವೆಗಳಿಗೆ ಹಳೇ ವಿಷಯ.

ತಮಾಷೆ ಏನಪ್ಪಾ ಅಂದ್ರೆ, ಲಾಗರ್ಲುಂಡದಲ್ಲಿ ನಿಜಕ್ಕೂ ಬಣ್ಣಗುರುಡು ಕಾರಣವಾಗಿತ್ತಾ ಅನ್ನೋದು ಇವತ್ತಿನವರೆಗೂ ಸಾಬೀತಾಗಿಲ್ಲ. ಇತ್ತೀಚೆಗೆ ದಾಖಲೆ ಕೆದಕಿ ನೋಡಿದ ಸಂಶೋಧಕರು ಅನುಮಾನ ವ್ಯಕ್ತಪಡಿಸಿದ್ದಾರೆ. ಅಷ್ಟರಲ್ಲಿ ಪರೀಕ್ಷೆ ಮಾತ್ರ ಜಗತ್ತೆಲ್ಲಾ ಬೇರೂರಿಬಿಟ್ಟಿತ್ತು.

ಯುದ್ಧ ತಂದ ತಪಾಸಣೆ

ಮೊದಲ ಮಹಾಯುದ್ಧದಲ್ಲಿ ಸಾವಿರಾರು ಹುಡುಗರನ್ನು ವಿಮಾನ ಹತ್ತಿಸಿದರು. ಶತ್ರುವಿನ ಗುಂಡಿಗೆ ಸಿಗದವರೂ ಸತ್ತರು. ಕೆಲವರಿಗೆ ತಲೆಸುತ್ತು, ಕೆಲವರಿಗೆ ಕಣ್ಣಿನ ತೊಂದರೆ, ಕೆಲವರಿಗೆ ಸುಸ್ತು. ಪೈಲಟ್ ಆಗೋಕೆ ಬರೀ ಧೈರ್ಯ ಸಾಲಲ್ಲ ಅನ್ನೋದು ಸೇನೆಗಳಿಗೆ ಅರ್ಥವಾಯ್ತು. ಅಮೆರಿಕದಲ್ಲಿ ಥಿಯೋಡರ್ ಲಿಸ್ಟರ್ ಅನ್ನೋ ಸೇನಾ ವೈದ್ಯರ ಮುಂದಾಳತ್ವದಲ್ಲಿ, 1918ರಲ್ಲಿ ನ್ಯೂಯಾರ್ಕ್ ಹತ್ತಿರ ಪೈಲಟ್‌ಗಳ ದೇಹವನ್ನೇ ಅಧ್ಯಯನ ಮಾಡೋ ಪ್ರಯೋಗಾಲಯ ಶುರುವಾಯ್ತು. ತಿರುಗೋ ಕುರ್ಚಿಯಲ್ಲಿ ಕೂರಿಸಿ ಗಿರಗಿರ ತಿರುಗಿಸಿ ಕಣ್ಣು ನೋಡೋದು, ಆಮ್ಲಜನಕ ಕಮ್ಮಿ ಮಾಡಿ ಎಷ್ಟು ಹೊತ್ತು ತಡೀತಾನೆ ನೋಡೋದು, ಇವೆಲ್ಲ ಆ ಕಾಲದ್ದು.

ಜಪಾನಿನಲ್ಲಿ ಶಿನೊಬು ಇಶಿಹಾರ ಅನ್ನೋ ಕಣ್ಣಿನ ಡಾಕ್ಟರ್ ಸೈನಿಕರನ್ನು ಆರಿಸೋಕೆ ಬಣ್ಣದ ಚುಕ್ಕಿಗಳ ಹಾಳೆ ಬರೆದರು, 1917ರಲ್ಲಿ ಅಚ್ಚಾಯ್ತು. ಚುಕ್ಕಿಗಳ ನಡುವೆ 12 ಕಾಣುತ್ತಾ, 8 ಕಾಣುತ್ತಾ ಅಂತ ಇವತ್ತೂ ಕಣ್ಣಿನ ಆಸ್ಪತ್ರೆಯಲ್ಲಿ ತೋರಿಸ್ತಾರಲ್ಲ, ಅದೇ. ನೂರು ವರ್ಷದ ಹಿಂದಿನ ಆ ಪುಸ್ತಕ ಈಗಲೂ ಎಷ್ಟೋ ಹುಡುಗರ ಕನಸಿಗೆ ಮೊದಲ ಗೇಟು.

1919ರಲ್ಲಿ ಪ್ಯಾರಿಸ್‌ನಲ್ಲಿ ದೇಶಗಳೆಲ್ಲ ಸೇರಿ ವಿಮಾನಯಾನಕ್ಕೆ ಮೊದಲ ಒಪ್ಪಂದ ಮಾಡಿಕೊಂಡವು. ಪೈಲಟ್‌ಗಳ ವೈದ್ಯಕೀಯ ಪರೀಕ್ಷೆ ಅದರಲ್ಲೂ ಬಂತು. 1944ರ ಶಿಕಾಗೊ ಒಪ್ಪಂದ ಬಂದಮೇಲೆ ಐಸಿಎಒ ಅನ್ನೋ ವಿಶ್ವಸಂಸ್ಥೆಯ ಅಂಗ ಈ ಮಾನದಂಡಗಳನ್ನು ನೋಡಿಕೊಳ್ತಾ ಬಂದಿದೆ.

ಒಂದು ಕಣ್ಣಿನ ಪೈಲಟ್

ನಿಯಮ ಹುಟ್ಟಿದ ಬೆನ್ನಲ್ಲೇ ಅದನ್ನು ಪ್ರಶ್ನೆ ಮಾಡೋ ಮನುಷ್ಯನೂ ಹುಟ್ಟಿದ. ಅಮೆರಿಕದ ವೈಲಿ ಪೋಸ್ಟ್ ಎಣ್ಣೆಬಾವಿ ಕೂಲಿ. 1926ರಲ್ಲಿ ಅಪಘಾತವಾಗಿ ಎಡಗಣ್ಣು ಹೋಯ್ತು. ಸಿಕ್ಕ ಪರಿಹಾರದ ದುಡ್ಡಲ್ಲಿ ಆತ ಕೊಂಡದ್ದು ಒಂದು ಹಳೇ ವಿಮಾನ! ಒಂದೇ ಕಣ್ಣಲ್ಲಿ ದೂರ ಅಳೆಯೋದನ್ನು ತಾನೇ ಅಭ್ಯಾಸ ಮಾಡಿಕೊಂಡ. ಪುಸ್ತಕದ ಪ್ರಕಾರ ಆತ ಅನ್‌ಫಿಟ್. ಅಧಿಕಾರಿಗಳು ಪುಸ್ತಕ ಮುಚ್ಚಿಟ್ಟು, ಹಾರಿ ತೋರಿಸು ಅಂದ್ರು. ತೋರಿಸಿದ, ಲೈಸೆನ್ಸ್ ಸಿಕ್ತು. 1933ರ ಜುಲೈನಲ್ಲಿ ಅದೇ ವೈಲಿ ಪೋಸ್ಟ್ ಒಬ್ಬನೇ ವಿಮಾನದಲ್ಲಿ ಭೂಮಿ ಸುತ್ತಿ ಬಂದ, ಎಂಟು ದಿನದೊಳಗೆ. ಹಾಗೆ ಒಬ್ಬನೇ ಸುತ್ತಿದವರಲ್ಲಿ ಆತನೇ ಮೊದಲಿಗ.

ಕಣ್ಣು ಎಷ್ಟು ಚೆನ್ನಾಗಿದೆ ಅಂತ ಕೇಳೋದು ಒಂದು, ಈ ಮನುಷ್ಯ ವಿಮಾನವನ್ನು ಕ್ಷೇಮವಾಗಿ ಇಳಿಸ್ತಾನಾ ಅಂತ ಕೇಳೋದು ಇನ್ನೊಂದು. ಮುಂದಿನ ತೊಂಬತ್ತು ವರ್ಷದ ಜಗಳವೆಲ್ಲ ಈ ಎರಡು ಪ್ರಶ್ನೆಗಳ ನಡುವಿನದ್ದು.

ನಮ್ಮಲ್ಲಿ: ಜಕ್ಕೂರು, 1957, ಮತ್ತೆ ಮಂಗನ ಕಾಯಿಲೆ

ಭಾರತದಲ್ಲಿ ಪೈಲಟ್ ಲೈಸೆನ್ಸ್ ನಂಬರ್ 1 ಸಿಕ್ಕಿದ್ದು ಜೆಆರ್‌ಡಿ ಟಾಟಾ ಅವರಿಗೆ, 1929ರ ಫೆಬ್ರವರಿ 10ಕ್ಕೆ. 1934ರಲ್ಲಿ ವಿಮಾನ ಕಾಯ್ದೆ, 1937ರಲ್ಲಿ ಅದರ ನಿಯಮಗಳು ಬಂದ್ವು. ಕಾಯ್ದೆ ಈಚೆಗೆ ಬದಲಾಯ್ತು, 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಯಲ್ಲಿದೆ. ಅಂದ್ರೆ ಬ್ರಿಟಿಷರ ಕಾಲದ ಕಾಯ್ದೆಯ ಕೆಳಗೇ ನಾವು ತೊಂಬತ್ತು ವರ್ಷ ಹಾರಿದ್ವಿ.

ಮೈಸೂರು ಸೀಮೆಯಲ್ಲಿ 1940ರ ದಶಕದ ಕೊನೆಗೆ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಹಾರಾಟ ತರಬೇತಿ ಶಾಲೆ ಶುರುವಾಯ್ತು. ಅಲ್ಲಿಂದ ಮೊದಮೊದಲು ಕಲಿತು ಹೊರಬಂದವರಲ್ಲಿ ಉಷಾ ಸುಂದರಂ ಒಬ್ಬರು. ಹೆಣ್ಣುಮಕ್ಕಳು ಸೈಕಲ್ ಹೊಡೆದರೂ ಊರು ತಿರುಗಿ ನೋಡ್ತಿದ್ದ ಕಾಲ ಅದು.

1957ರಲ್ಲಿ ಬೆಂಗಳೂರಲ್ಲಿ ವಾಯುಪಡೆ ಒಂದು ವೈಮಾನಿಕ ವೈದ್ಯಶಾಲೆ ತೆರೆಯಿತು. ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರೋ ಇವತ್ತಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಅದೇ. ಯುದ್ಧವಿಮಾನದ ಪೈಲಟ್‌ಗಳಿಂದ ಹಿಡಿದು ಗಗನಯಾನಕ್ಕೆ ಆಯ್ಕೆಯಾದವರವರೆಗೆ ಅಲ್ಲಿ ತಪಾಸಣೆಗೆ ನಿಂತಿದ್ದಾರೆ. ನಮ್ಮ ಕನ್ನಡ ನಾಡಿನ ರಾಜಧಾನಿ ದೇಶದ ಪೈಲಟ್‌ಗಳ ದೇಹ ಅಳೆಯೋ ಊರಾಗಿದ್ದು ಹೀಗೆ.

ಅದೇ 1957ರಲ್ಲಿ ಮಲೆನಾಡಲ್ಲಿ ಇನ್ನೊಂದು ಘಟನೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯೋಕೆ ಶುರುವಾದ್ವು, ಹಿಂದೆಯೇ ಜನಕ್ಕೆ ಜ್ವರ ಬಂತು. ಕೆಎಫ್‌ಡಿ, ನಮ್ಮ ಬಾಯಲ್ಲಿ ಮಂಗನ ಕಾಯಿಲೆ. ಆಮೇಲೆ ಅದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಕ್ಕೂ ಬಂತು. ಎರಡಕ್ಕೂ ಸಂಬಂಧ ಏನು ಅಂತೀರಾ? ಪೈಲಟ್ ಮೆಡಿಕಲ್ ಫಾರ್ಮ್‌ನಲ್ಲಿ ಒಂದು ಪ್ರಶ್ನೆ ಇರುತ್ತೆ: ಹಿಂದೆ ಯಾವ ಕಾಯಿಲೆ ಬಂದಿತ್ತು, ಆಸ್ಪತ್ರೆ ಸೇರಿದ್ರಾ? ನಮ್ಮ ಊರಿನ ಹುಡುಗ ಅಥವಾ ಹುಡುಗಿ ಅಲ್ಲಿ ಏನು ಬರೀತಾರೆ? ಬರೆದರೆ ಫೇಲ್ ಮಾಡ್ತಾರೇನೋ ಅಂತ ಬಿಟ್ಟುಬಿಡ್ತಾರಾ? ಈ ಕಥೆಯ ಗಂಟು ಇರೋದು ಅಲ್ಲೇ. ಅಲ್ಲಿಗೇ ಬರ್ತೀನಿ, ಮೊದಲು ಈಗಿನ ವ್ಯವಸ್ಥೆ ನೋಡಿಬಿಡೋಣ.

ಕ್ಲಾಸ್ 1, ಕ್ಲಾಸ್ 2, ಕ್ಲಾಸ್ 3

ಮೂರು ದರ್ಜೆ ಇವೆ. ಸಂಬಳಕ್ಕೆ ಹಾರಿಸೋ ವಾಣಿಜ್ಯ ಪೈಲಟ್‌ಗೆ ಕ್ಲಾಸ್ 1. ಕಲಿಯೋ ವಿದ್ಯಾರ್ಥಿಗೆ, ಹವ್ಯಾಸಕ್ಕೆ ಹಾರಿಸೋ ಖಾಸಗಿ ಪೈಲಟ್‌ಗೆ ಕ್ಲಾಸ್ 2. ನೆಲದಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳೋ ಕಂಟ್ರೋಲರ್‌ಗೆ ಕ್ಲಾಸ್ 3.

ಡಿಜಿಸಿಎ ಅಂದ್ರೆ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ. ಅದು ಮಾನ್ಯತೆ ಕೊಟ್ಟ ಡಾಕ್ಟರ್‌ಗಳ ಪಟ್ಟಿ ಇರುತ್ತೆ. ಕ್ಲಾಸ್ 2 ಅವರ ಹತ್ತಿರವೇ ಆಗಬೇಕು. ತಾಲ್ಲೂಕು ಆಸ್ಪತ್ರೆಯ ಡಾಕ್ಟರ್ ಎಷ್ಟೇ ಒಳ್ಳೆಯವರಾದರೂ ಅವರ ಸಹಿ ಇಲ್ಲಿ ನಡೆಯಲ್ಲ. ಕಣ್ಣು, ಕಿವಿ, ರಕ್ತದೊತ್ತಡ, ಇಸಿಜಿ, ರಕ್ತ, ಮೂತ್ರ ಎಲ್ಲಾ ನೋಡ್ತಾರೆ. ಡಾಕ್ಟರ್ ವರದಿ ಕಳಿಸ್ತಾರೆ, ಕೊನೇ ತೀರ್ಮಾನ ಡಿಜಿಸಿಎದ್ದು. ತಾತ್ಕಾಲಿಕ ಅನ್‌ಫಿಟ್ ಅಂದ್ರೆ ಚಿಕಿತ್ಸೆ ತಗೊಂಡು ಮತ್ತೆ ಹೋಗಬಹುದು. ಮೇಲ್ಮನವಿಗೂ ದಾರಿ ಇದೆ. ಮುಂದೆ ಇದೇ ಉದ್ಯೋಗ ಮಾಡ್ತೀನಿ ಅನ್ನೋರು ಕ್ಲಾಸ್ 2 ಆದಮೇಲೆ ಕ್ಲಾಸ್ 1ಕ್ಕೆ ಹೋಗಬೇಕು. ಮೊದಲ ಕ್ಲಾಸ್ 1 ತಪಾಸಣೆ ಬಹಳ ಕಾಲ ಬೆಂಗಳೂರು, ದೆಹಲಿಯಂಥ ಕಡೆ ವಾಯುಪಡೆಯ ಕೇಂದ್ರಗಳಲ್ಲೇ ಆಗ್ತಿತ್ತು, ಈಚೆಗೆ ಕೆಲವು ಖಾಸಗಿ ಕೇಂದ್ರಗಳಿಗೂ ಅನುಮತಿ ಸಿಕ್ಕಿದೆ.

ಒಂದು ಸುಳ್ಳುಸುದ್ದಿ ಇಲ್ಲೇ ಬಿಡಿಸಿಬಿಡೋಣ. "ಕನ್ನಡಕ ಇದ್ರೆ ಪೈಲಟ್ ಆಗಲ್ಲ" ಅಂತಾರಲ್ಲ, ನಾಗರಿಕ ವಿಮಾನಯಾನದಲ್ಲಿ ಅದು ನಿಜ ಅಲ್ಲ. ಐಸಿಎಒ ಮಾನದಂಡದಲ್ಲಿ ಕ್ಲಾಸ್ 2ಗೆ ಒಂದೊಂದು ಕಣ್ಣಿಗೆ 6/12, ಎರಡೂ ಸೇರಿ 6/9 ಸಾಕು, ಕನ್ನಡಕ ಹಾಕಿಕೊಂಡೇ. ವಯಸ್ಸೂ ಅಡ್ಡಿಯಿಲ್ಲ. ತಪಾಸಣೆ ಪದೇ ಪದೇ ಬರುತ್ತೆ, ಅಷ್ಟೇ. ಐಸಿಎಒ ಪ್ರಕಾರ ಖಾಸಗಿ ಪೈಲಟ್‌ನ ಸರ್ಟಿಫಿಕೇಟ್ ಗರಿಷ್ಠ 60 ತಿಂಗಳು ನಡೆಯುತ್ತೆ, ನಲವತ್ತು ದಾಟಿದ್ರೆ 24, ಐವತ್ತು ದಾಟಿದ್ರೆ 12. ಒಂದೊಂದು ದೇಶ ಇದನ್ನು ಇನ್ನೂ ಬಿಗಿ ಮಾಡಬಹುದು. ಜೆಆರ್‌ಡಿ ಟಾಟಾ 1982ರಲ್ಲಿ ಕರಾಚಿಯಿಂದ ಮುಂಬೈಗೆ ಒಬ್ಬರೇ ಹಳೇ ಮಾದರಿಯ ಪುಟ್ಟ ವಿಮಾನ ಹಾರಿಸಿಕೊಂಡು ಬಂದಾಗ ಅವರಿಗೆ ವಯಸ್ಸು 78.

ಬೇರೆ ದೇಶದಲ್ಲಿ ಬೇರೆ ಬಾಗಿಲು

ಭಾರತದಲ್ಲಿ ಖಾಸಗಿ ಪೈಲಟ್‌ಗೆ ಇರೋದು ಒಂದೇ ಬಾಗಿಲು, ಕನಿಷ್ಠ ಕ್ಲಾಸ್ 2. ಉಳಿದ ಕಡೆ ಹಾಗಿಲ್ಲ. ಮೊದಲು ಹೇಳಿದ ಆ ಎರಡು ಆರ್‌ಟಿಒ ಫಾರ್ಮ್‌ಗಳನ್ನು ಈಗ ನೆನಪು ಮಾಡಿಕೊಳ್ಳಿ.

ಅಮೆರಿಕ 2004ರಲ್ಲಿ ಸ್ಪೋರ್ಟ್ ಪೈಲಟ್ ಅಂತ ಹೊಸ ಲೈಸೆನ್ಸ್ ತಂದಿತು. ಪುಟ್ಟ ವಿಮಾನಕ್ಕೆ ಮಾತ್ರ. ಅದಕ್ಕೆ ಕಾರಿನ ಲೈಸೆನ್ಸೇ ಮೆಡಿಕಲ್ ಸರ್ಟಿಫಿಕೇಟ್. ನಮ್ಮ ಫಾರ್ಮ್ 1 ಇದ್ದ ಹಾಗೆ, ನಿನ್ನ ಮಾತಿಗೆ ನೀನೇ ಜವಾಬ್ದಾರ. 2008ರಲ್ಲಿ ಜೆಸ್ಸಿಕಾ ಕಾಕ್ಸ್ ಅನ್ನೋ ಹೆಣ್ಣುಮಗಳು ಈ ಲೈಸೆನ್ಸ್ ಪಡೆದರು. ಹುಟ್ಟಿನಿಂದ ಅವರಿಗೆ ಎರಡೂ ಕೈ ಇಲ್ಲ, ಕಾಲಿನಿಂದಲೇ ವಿಮಾನ ಹಾರಿಸ್ತಾರೆ.

ಬ್ರಿಟನ್ 2016ರಲ್ಲಿ ಹಗುರ ವಿಮಾನದ ಖಾಸಗಿ ಪೈಲಟ್‌ಗಳಿಗೆ ಸ್ವಯಂ ಘೋಷಣೆ ಸಾಕು ಅಂದಿತು. ಕಾರು ಓಡಿಸೋಷ್ಟು ಆರೋಗ್ಯ ಇದೆ ಅಂತ ತಾನೇ ಬರೆದುಕೊಡೋದು. ಅಮೆರಿಕ 2017ರ ಮೇ 1ರಿಂದ ಬೇಸಿಕ್‌ಮೆಡ್ ತಂದಿತು. ಇದು ಫಾರ್ಮ್ 1ಎ ಥರ. ಒಮ್ಮೆ ಹಳೇ ಪದ್ಧತಿಯಲ್ಲಿ ಸರ್ಟಿಫಿಕೇಟ್ ಪಡೆದಿದ್ದವರು, ಆಮೇಲೆ ನಾಲ್ಕು ವರ್ಷಕ್ಕೊಮ್ಮೆ ತಮ್ಮ ಮಾಮೂಲಿ ಡಾಕ್ಟರ್ ಹತ್ತಿರ ಪಟ್ಟಿ ಹಿಡಿದು ಪರೀಕ್ಷೆ ಮಾಡಿಸಿಕೊಂಡರೆ ಸಾಕು. ಎರಡು ವರ್ಷಕ್ಕೊಮ್ಮೆ ಆನ್‌ಲೈನ್ ಪಾಠ. ಮಲೆನಾಡಿಂದ ಅಲ್ಲಿಗೆ ಹೋಗಿ ನೆಲೆಸಿದ ಎಂಜಿನಿಯರ್ ಒಬ್ಬರು ಹೀಗೆ ವಾರಾಂತ್ಯಕ್ಕೆ ಹಾರಬಹುದು. ಆದರೆ ಈ ರಿಯಾಯಿತಿಗಳು ಅಂತರರಾಷ್ಟ್ರೀಯ ಮಾನದಂಡಕ್ಕಿಂತ ಸಡಿಲ. ಸಾಮಾನ್ಯವಾಗಿ ಗಡಿ ದಾಟಿದರೆ ನಡೆಯಲ್ಲ, ಆ ಕಾಗದ ತಂದು ಜಕ್ಕೂರಲ್ಲಿ ತೋರಿಸೋಕಾಗಲ್ಲ.

ಇದರಲ್ಲಿ ಒಂದು ವಿಚಿತ್ರವೂ ಇದೆ. ಸ್ಪೋರ್ಟ್ ಪೈಲಟ್ ನಿಯಮದಲ್ಲಿ, ಹಿಂದೊಮ್ಮೆ ಪೈಲಟ್ ಮೆಡಿಕಲ್‌ಗೆ ಅರ್ಜಿ ಹಾಕಿ ಅದು ತಿರಸ್ಕೃತ ಆಗಿದ್ರೆ ಬರೀ ಕಾರಿನ ಲೈಸೆನ್ಸ್ ಮೇಲೆ ಹಾರೋ ಹಾಗಿಲ್ಲ. ಅರ್ಜಿಯನ್ನೇ ಹಾಕದವರು ಹಾರಬಹುದು! ಅಂದ್ರೆ ಡಾಕ್ಟರ್ ಹತ್ತಿರ ಹೋದವನಿಗೆ ತೊಂದರೆ, ಹೋಗದವನಿಗೆ ಅನುಕೂಲ.

ಬಣ್ಣದ ವಿಷಯದಲ್ಲೂ ಗೋಡೆ ಅಲ್ಲಲ್ಲಿ ಬಿರುಕು ಬಿಟ್ಟಿದೆ. ಆಸ್ಟ್ರೇಲಿಯಾದ ಆರ್ಥರ್ ಪೇಪ್ ಸ್ವತಃ ಡಾಕ್ಟರ್, ಸ್ವತಃ ಪೈಲಟ್, ಬಣ್ಣ ಗುರುತಿಸೋದರಲ್ಲಿ ದೋಷ ಇದ್ದವರು. ಅವರು ನ್ಯಾಯಮಂಡಳಿಗೆ ಹೋದ್ರು. 1989ರಲ್ಲಿ ಡೆನಿಸನ್ ಅನ್ನೋ ಪೈಲಟ್‌ನ ಪ್ರಕರಣದಲ್ಲೂ ಹೋರಾಡಿ, ನಿಯಮ ಸಡಿಲಿಸೋ ಹಾಗೆ ಮಾಡಿದ್ರು. ನಮ್ಮಲ್ಲೂ 2020ರ ಜೂನ್‌ನಲ್ಲಿ ಕೇಂದ್ರ ಸಾರಿಗೆ ಇಲಾಖೆ, ಸೌಮ್ಯ ಮತ್ತು ಮಧ್ಯಮ ಬಣ್ಣಗುರುಡು ಇದ್ದವರಿಗೆ ವಾಹನದ ಲೈಸೆನ್ಸ್ ಕೊಡಬಹುದು ಅಂತ ಮಾಡಿತು. ರಸ್ತೆಯಲ್ಲಿ ಆದದ್ದು ಆಕಾಶದಲ್ಲೂ ಆಗಬೇಕಾ ಅನ್ನೋದು ಕೇಳಬಹುದಾದ ಪ್ರಶ್ನೆ.

ಬಾಗಿಲು ತಟ್ಟಿದವರು ನಮ್ಮ ಪಕ್ಕದಲ್ಲೂ ಇದ್ದಾರೆ. ಕೇರಳದ ಆಡಂ ಹ್ಯಾರಿ ದಕ್ಷಿಣ ಆಫ್ರಿಕಾದಲ್ಲಿ ಖಾಸಗಿ ಪೈಲಟ್ ಲೈಸೆನ್ಸ್ ಪಡೆದ ಟ್ರಾನ್ಸ್ ವ್ಯಕ್ತಿ. ಇಲ್ಲಿ ವೈದ್ಯಕೀಯ ಪರೀಕ್ಷೆಯಲ್ಲಿ ಅಡ್ಡಿಯಾಯ್ತು, ವಿಷಯ ದೊಡ್ಡ ಸುದ್ದಿಯಾಯ್ತು. 2022ರ ಆಗಸ್ಟ್‌ನಲ್ಲಿ ಡಿಜಿಸಿಎ ಟ್ರಾನ್ಸ್‌ಜೆಂಡರ್ ಅರ್ಜಿದಾರರ ತಪಾಸಣೆಗೆ ಮಾರ್ಗಸೂಚಿ ಹೊರಡಿಸಿತು. ನಿಯಮ ಕಲ್ಲಿನ ಮೇಲೆ ಕೆತ್ತಿದ್ದೇನೂ ಅಲ್ಲ.

ಮುಚ್ಚಿಟ್ಟರೆ ಏನಾಗುತ್ತೆ

ಈಗ ಆ ಗಂಟಿಗೆ ಬರೋಣ. ಹಾಗಾದ್ರೆ ತಪಾಸಣೆಯನ್ನೇ ಸಡಿಲ ಮಾಡಿಬಿಟ್ರೆ ಆಯ್ತಲ್ಲ ಅಂತ ನಿಮಗೆ ಅನ್ನಿಸಿರಬಹುದು. ತಪಾಸಣೆ ಬೇಕು ಅನ್ನೋಕೂ ಗಟ್ಟಿ ಕಾರಣ ಇದೆ. ಕಾರಿನಲ್ಲಿ ಎದೆ ಹಿಡಿದುಕೊಂಡರೆ ರಸ್ತೆ ಪಕ್ಕ ನಿಲ್ಲಿಸಬಹುದು, ಆಕಾಶದಲ್ಲಿ ಪಕ್ಕ ಅನ್ನೋದೇ ಇಲ್ಲ. ಕೆಳಗೆ ಯಾರದ್ದೋ ಮನೆ, ಶಾಲೆ ಇರುತ್ತೆ.

ಆದರೆ ಇಸಿಜಿ ಯಂತ್ರ ಆ ದಿನದ ಹೃದಯ ನೋಡುತ್ತೆ. ಹೋದ ವರ್ಷ ಎರಡು ಸಲ ತಲೆಸುತ್ತಿ ಬಿದ್ದದ್ದು ಅದಕ್ಕೆ ಗೊತ್ತಾಗಲ್ಲ. ರಾತ್ರಿ ನಿದ್ದೆ ಬರಲ್ಲ, ಮನಸ್ಸು ಸರಿಯಿಲ್ಲ ಅನ್ನೋದೂ ಗೊತ್ತಾಗಲ್ಲ. ಅದನ್ನು ಪೈಲಟ್ಟೇ ಬಾಯಿಬಿಟ್ಟು ಹೇಳಬೇಕು. ಹೇಳಿದ್ರೆ ಹಾರಾಟ ನಿಲ್ಲಿಸಿಬಿಡ್ತಾರೆ ಅನ್ನೋ ಭಯ ಇದ್ದರೆ ಯಾರು ಹೇಳ್ತಾರೆ?

2015ರ ಮಾರ್ಚ್ 24ಕ್ಕೆ ಜರ್ಮನ್‌ವಿಂಗ್ಸ್ ವಿಮಾನ ಫ್ರಾನ್ಸಿನ ಆಲ್ಪ್ಸ್ ಬೆಟ್ಟಕ್ಕೆ ಅಪ್ಪಳಿಸಿ 150 ಜನ ಸತ್ತರು. ಬೇಕಂತಲೇ ಕೆಳಗಿಳಿಸಿದ್ದು ಸಹ ಪೈಲಟ್ ಅಂತ ತನಿಖೆ ಹೇಳಿತು. ಆತನ ಕೈಯಲ್ಲಿ ಮಾನ್ಯ ಕ್ಲಾಸ್ 1 ಸರ್ಟಿಫಿಕೇಟ್ ಇತ್ತು. ಮಾನಸಿಕ ಕಾಯಿಲೆಗೆ ಡಾಕ್ಟರ್‌ಗಳನ್ನು ಕಾಣ್ತಿದ್ದ, ಕೆಲಸಕ್ಕೆ ಹೋಗಬೇಡ ಅಂತ ಅವರು ಚೀಟಿಯನ್ನೂ ಕೊಟ್ಟಿದ್ದರು. ಕಂಪನಿಗೆ ಆತ ಹೇಳಲಿಲ್ಲ. ಅತ್ಯಂತ ಬಿಗಿ ತಪಾಸಣೆ ಇದ್ದ ವ್ಯವಸ್ಥೆಯಲ್ಲೇ ಆ ಗುಟ್ಟು ಉಳಿದುಕೊಂಡಿತ್ತು.

ಮನಸ್ಸಿನ ಕಾಯಿಲೆ ಇರೋರೆಲ್ಲ ಅಪಾಯ ಅಂತ ಇದರ ಅರ್ಥ ಖಂಡಿತ ಅಲ್ಲ. ಬಹುಪಾಲು ಜನ ಚಿಕಿತ್ಸೆಯಿಂದ ಚೆನ್ನಾಗಿರ್ತಾರೆ. ಅಮೆರಿಕ 2010ರಲ್ಲೇ ಖಿನ್ನತೆಯ ಕೆಲವು ಮಾತ್ರೆ ತಗೊಳ್ಳೋ ಪೈಲಟ್‌ಗಳಿಗೂ ಷರತ್ತಿನ ಮೇಲೆ ಹಾರೋ ಅವಕಾಶ ಕೊಟ್ಟಿತು. 2023ರಲ್ಲಿ ಡಿಜಿಸಿಎ ಕೂಡ ಪೈಲಟ್‌ಗಳ ಮಾನಸಿಕ ಆರೋಗ್ಯಕ್ಕೆ ಮಾರ್ಗಸೂಚಿ ತಂದು, ಸಹೋದ್ಯೋಗಿಗಳ ನೆರವಿನ ವ್ಯವಸ್ಥೆ ಇರಲಿ ಅಂತ ಹೇಳಿತು. ಬಾಯಿಬಿಟ್ಟು ಹೇಳಿದವನಿಗೆ ಶಿಕ್ಷೆ ಆಗದೇ ಇದ್ದಾಗ ಮಾತ್ರ ನಿಜ ಹೊರಗೆ ಬರುತ್ತೆ. ಈ ನೂರು ವರ್ಷದಿಂದ ಕಲಿಯಬೇಕಾದ್ದು ಇದು.

ಹಾಗಾಗಿ ಮಂಗನ ಕಾಯಿಲೆಯ ಪ್ರಶ್ನೆಗೆ ಉತ್ತರ: ಬರೀರಿ. ಚಿಕ್ಕಂದಿನಲ್ಲಿ ಬಂದ ಜ್ವರ, ಅಡಿಕೆ ತೋಟದಲ್ಲಿ ಬಿದ್ದು ತಲೆಗೆ ಪೆಟ್ಟಾದದ್ದು, ಉಬ್ಬಸ, ಯಾವುದನ್ನೂ ಬಿಡಬೇಡಿ. ಹಳೇ ಆಸ್ಪತ್ರೆ ಕಾಗದಗಳನ್ನು ಜೊತೆಗೆ ಒಯ್ಯಿರಿ. ಪೂರ್ತಿ ವಾಸಿಯಾಗಿದೆಯಾ, ಏನಾದ್ರೂ ಉಳಿದಿದೆಯಾ ಅಂತ ಡಾಕ್ಟರ್ ನೋಡ್ತಾರೆ.

ಇನ್ನೊಂದು ಮಾತು ಅಪ್ಪ ಅಮ್ಮಂದಿರಿಗೂ ಹೇಳಿ. ಪೈಲಟ್ ಕೋರ್ಸಿಗೆ ತೋಟ ಅಡ ಇಟ್ಟು ಲಕ್ಷಗಟ್ಟಲೆ ಫೀಸು ಕಟ್ಟೋ ಮೊದಲು ಮೆಡಿಕಲ್ ಮಾಡಿಸಿ. ಫೀಸು ಕಟ್ಟಿ ಆಮೇಲೆ ಇಶಿಹಾರ ಪುಸ್ತಕದ ಮುಂದೆ ಕೂತು, ಚುಕ್ಕಿಯೊಳಗಿನ ಅಂಕಿ ಕಾಣದೇ ಹೋದರೆ ದುಡ್ಡೂ ಹೋಯ್ತು, ಮನಸ್ಸೂ ಮುರಿಯಿತು. ಬಣ್ಣಗುರುಡು ಎಷ್ಟೋ ಜನಕ್ಕೆ ತಮಗಿದೆ ಅಂತಲೇ ಗೊತ್ತಿರಲ್ಲ.

ಕ್ಲಾಸ್ 2 ಸಿಗದವರಿಗೂ ಆಕಾಶ ಪೂರ್ತಿ ಮುಚ್ಚಿಲ್ಲ. 2021ರ ಡ್ರೋನ್ ನಿಯಮಗಳಲ್ಲಿ ರಿಮೋಟ್ ಪೈಲಟ್ ಆಗೋಕೆ 18ರಿಂದ 65 ವಯಸ್ಸು, ಹತ್ತನೇ ತರಗತಿ ಪಾಸು, ಮಾನ್ಯತೆ ಇರೋ ಕಡೆ ತರಬೇತಿ ಅಂತ ಇದೆ. ಕ್ಲಾಸ್ 1, ಕ್ಲಾಸ್ 2ರ ಮಾತಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋಕೆ ಮಳೆಯಲ್ಲಿ ಜಾರೋ ಅಡಿಕೆ ಮರ ಹತ್ತೋ ಕೊನೆಗೌಡನಿಗೆ ಇಲ್ಲಿಯವರೆಗೆ ಯಾರೂ ಇಸಿಜಿ ಮಾಡಿಸಿದ್ದಿಲ್ಲ, ಫಿಟ್ ಇದ್ದೀಯಾ ಅಂತ ಕೇಳಿದ್ದೂ ಇಲ್ಲ. ಎತ್ತರಕ್ಕೆ ಹೋಗೋರ ದೇಹದ ಬಗ್ಗೆ ನಮ್ಮ ಕಾಳಜಿ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತೆ ಅನ್ನೋದನ್ನೂ ಸ್ವಲ್ಪ ಯೋಚನೆ ಮಾಡಿ.

ಸಂಚಿಕೆ ಇಷ್ಟ ಆಗಿದ್ರೆ, ಪೈಲಟ್ ಆಗ್ತೀನಿ ಅಂತ ಕನಸು ಕಾಣ್ತಿರೋ ನಿಮ್ಮ ತಮ್ಮನಿಗೋ ತಂಗಿಗೋ ಕಳಿಸಿ. ಮುಂದಿನ ಸಲ ಇನ್ನೊಂದು ಕಥೆ ಜೊತೆ ಸಿಗೋಣ.